ಹಸಿ ಕೊಕ್ಕೊ ಕೊಡುವವರಿಗೆ: ನಮ್ಮೂರ ಸಂಘದ ಖರೀದಿ ಕೇಂದ್ರ ಹೇಗಿದೆ?

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಮಾಡಿದೆ ಅಂತ ಕೆಳಗೆ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಆದರೂ ಪೂರ್ತಿ ಓದಿ, ಯಾಕೆಂದರೆ ನನಗೆ ಹೇಳಬೇಕಾಗಿರುವುದು ಆ ಒಂದು ಅಂಕದ ವಿಷಯವೇ.

ಸಂಘದ ಹೆಸರು ಹಾಕುವುದಿಲ್ಲ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಇಂಥ ಸಣ್ಣ ಸಹಕಾರಿ ಸಂಘಗಳು ಬೇಕಾದಷ್ಟಿವೆ, ಅದರಲ್ಲಿ ಇದೂ ಒಂದು. ನಾನು ಇಲ್ಲಿಗೆ ಮದುವೆಯಾಗಿ ಬಂದವಳು. ಎಂ.ಎ. ಅರ್ಥಶಾಸ್ತ್ರ ಓದಿದ್ದೇನೆ, ಈಗ ತೋಟ ನೋಡಿಕೊಳ್ಳುತ್ತೇನೆ. ಅಡಿಕೆಯ ನಡುವೆ ಸುಮಾರು 150 ಕೊಕ್ಕೊ ಗಿಡ ಇದೆ, ಚಾಕೊಲೇಟ್ ಮಾಡುವುದು ಇದರ ಬೀಜದಿಂದಲೇ. ಈ ಕೇಂದ್ರಕ್ಕೆ ಬೀಜ ಕೊಡಲು ಶುರು ಮಾಡಿ ಮೂರು ವರ್ಷ ಆಯಿತು.

ಮೊದಲು ಉಪಯೋಗಕ್ಕೆ ಬರುವ ವಿಷಯ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆಯವರೆಗೆ ಹಸಿಬೀಜ ತೆಗೆದುಕೊಳ್ಳುತ್ತಾರೆ. ಒಣಬೀಜವನ್ನು ಯಾವ ದಿನ ತಂದರೂ ಆಗುತ್ತದೆ. ಬಾಗಿಲ ಹತ್ತಿರ ಒಂದು ಕಪ್ಪು ಹಲಗೆ ಇದೆ. ಬೆಳಿಗ್ಗೆ ಅದರಲ್ಲಿ ಆ ದಿನದ ದರ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಬರೆದ ಮೇಲೆ ಆ ದಿನ ಅದನ್ನು ಒರೆಸುವುದಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಮಧ್ಯಾಹ್ನಕ್ಕೆ ದರ ಬದಲಾದದ್ದು ನಾನು ನೋಡಿಲ್ಲ. ಇದು ಸಣ್ಣ ಮಾತಲ್ಲ ಅಂತ ಹೊರಗೆ ಮಾರಿದವರಿಗೆ ಗೊತ್ತು.

ತೂಕ ಸರಿಯಾಗಿದೆ. ಮನೆಯಲ್ಲಿ ತೂಗಿ ತಂದ 18 ಕಿಲೋ ಅಲ್ಲಿಯೂ 18 ಕಿಲೋ ಇರುತ್ತದೆ, ಹೆಚ್ಚೆಂದರೆ ನೂರಿನ್ನೂರು ಗ್ರಾಂ ಹಿಂದೆ ಮುಂದೆ. ಬೀಜವನ್ನು ತೂತಿರುವ ಅಗಲ ಬುಟ್ಟಿಗೆ ಸುರಿಯುತ್ತಾರೆ, ಒಬ್ಬರು ಮೊಣಕೈವರೆಗೆ ಕೈ ಹಾಕಿ ಮೇಲೆ ಕೆಳಗೆ ಮಾಡುತ್ತಾರೆ. ಬಿಳಿ ಲೋಳೆ ಬೆರಳ ಸಂದಿಯಲ್ಲಿ ಎಳೆ ಎಳೆಯಾಗಿ ಇಳಿಯುತ್ತದೆ, ಹಲಸಿನ ತೊಳೆಗೂ ಹುಳಿ ಮಜ್ಜಿಗೆಗೂ ನಡುವಿನ ಒಂದು ವಾಸನೆ ಬರುತ್ತದೆ. ನಡುವಿನ ನಾರು, ಕಾಯಿಯ ಚೂರು, ಕಪ್ಪಾದ ಬೀಜ ಸಿಕ್ಕಿದರೆ ಹೆಕ್ಕಿ ಬದಿಗಿಡುತ್ತಾರೆ. ಹೆಕ್ಕಿದ್ದನ್ನು ನಮ್ಮ ಎದುರಿಗೇ ತೂಗಿ ಕಳೆಯುತ್ತಾರೆ. ಇದೂ ಒಳ್ಳೆಯ ಕ್ರಮ. ಪೇಟೆಯ ಒಂದು ಖಾಸಗಿ ಅಂಗಡಿಯಲ್ಲಿ ನಾನು ಮೊದಲು ಕೊಡುತ್ತಿದ್ದಾಗ ಬುಟ್ಟಿ ನೋಡುವ ಮೊದಲೇ "ನೀರಿನ ಲೆಕ್ಕ" ಅಂತ ಹತ್ತು ಕಿಲೋಗೆ ಒಂದೂವರೆ ಕಿಲೋ ತೆಗೆಯುತ್ತಿದ್ದರು. ಬೀಜ ಬಸಿದು ತಂದರೂ ಅಷ್ಟೇ, ಬಸಿಯದೆ ತಂದರೂ ಅಷ್ಟೇ. ಹಾಗಾದರೆ ಬಸಿದು ತರುವುದು ಯಾಕೆ? ಯಾರೂ ಬಸಿಯುತ್ತಿರಲಿಲ್ಲ. ಸಂಘಕ್ಕೆ ತರುವಾಗ ಎಲ್ಲರೂ ಬಸಿದು ತರುತ್ತಾರೆ.

ಹಸಿಬೀಜ ತೆಗೆದುಕೊಳ್ಳುವುದು ಯಾಕೆ ಅಷ್ಟು ದೊಡ್ಡ ಉಪಕಾರ ಅಂತ ಕೊಕ್ಕೊ ಇಲ್ಲದವರಿಗೆ ಹೇಳಬೇಕು. ಅಡಿಕೆಯನ್ನು ಒಣಗಿಸಿ ಚೀಲ ಕಟ್ಟಿಟ್ಟರೆ ವರ್ಷ ಇಡಬಹುದು. ಬೆಲೆ ಬರಲಿಲ್ಲವೇ, ಇರಲಿ ಬಿಡಿ, ಹಳೆ ಅಡಿಕೆಗೆ ಇನ್ನೂ ಒಳ್ಳೆಯ ಬೆಲೆ ಇದೆ. ಕೊಕ್ಕೊ ಹಾಗಲ್ಲ. ಕಾಯಿ ಒಡೆದ ಮೇಲೆ ಬೀಜ ಕಾಯುವುದಿಲ್ಲ. ಒಂದೋ ಅವತ್ತೇ ಮಾರಬೇಕು, ಇಲ್ಲದಿದ್ದರೆ ಐದಾರು ದಿನ ಹುಳಿ ಬರಿಸಿ, ನಡುವೆ ಮಗುಚಿ, ಮತ್ತೆ ಒಂದು ವಾರ ಬಿಸಿಲಿಗೆ ಹಾಕಿ ಒಣಗಿಸಬೇಕು. ಮೂರು ಕಿಲೋ ಹಸಿಬೀಜ ಒಣಗಿದರೆ ಒಂದು ಕಿಲೋ ಆಸುಪಾಸು. ಬೆಳೆ ಜಾಸ್ತಿ ಬರುವುದೂ ಜೂನ್ ಹತ್ತಿರದಲ್ಲೇ. ನಮ್ಮ ಊರಿನ ಜೂನ್‌ನಲ್ಲಿ ಒಂದು ವಾರ ಬಿಸಿಲು ಎಲ್ಲಿಂದ ತರುವುದು? ಪ್ಲಾಸ್ಟಿಕ್ ಹೊದೆಸಿದ ಒಣಗಿಸುವ ಮನೆ ಇದ್ದವರು ಒಣಗಿಸುತ್ತಾರೆ. ಇಲ್ಲದವರು ಅವತ್ತಿನ ದರಕ್ಕೆ ಅವತ್ತೇ ಕೊಡಬೇಕು.

ನನ್ನ ಪಕ್ಕದ ಮನೆಯ ಅಕ್ಕ ಹಾಗೆ ಕೊಡುವವರು. ಅವರದ್ದು ಒಟ್ಟು ನಲುವತ್ತು ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಎಕರೆ). ಅದರಲ್ಲಿ ಹತ್ತು ಸೆಂಟ್ಸ್ ಅವರ ಮಾವನಿಗೆ ಭೂಸುಧಾರಣೆಯಲ್ಲಿ ಸಿಕ್ಕಿದ್ದು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಹೋಯಿತಲ್ಲ, ಆಗ ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೂ ಪಂಚಾಯತ್ ಪ್ರದೇಶದಲ್ಲಿ ಹತ್ತು ಸೆಂಟ್ಸ್‌ವರೆಗೆ ಹಕ್ಕು ಬಂತು. ಉಳಿದ ಮೂವತ್ತು ಸೆಂಟ್ಸ್ ಆಮೇಲೆ ತೆಗೆದುಕೊಂಡದ್ದು. ಎಪ್ಪತ್ತು ಅಡಿಕೆ ಮರ, ನಡುವೆ 25 ಕೊಕ್ಕೊ. ಬೇರೆ ದಿನ ಕೂಲಿಗೆ ಹೋಗುತ್ತಾರೆ, ನಮ್ಮ ತೋಟಕ್ಕೂ ಬರುತ್ತಾರೆ. ನಾನು ಅವರ ಜೊತೆಯೇ ರಿಕ್ಷಾದಲ್ಲಿ ಸಂಘಕ್ಕೆ ಹೋಗುವುದು. ಈ ಬರಹದಲ್ಲಿ ನನ್ನ ಅನುಭವಕ್ಕಿಂತ ಅವರ ಅನುಭವವೇ ಜಾಸ್ತಿ ಇದೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

2024ರ ಬೇಸಗೆ ಎಲ್ಲರಿಗೂ ನೆನಪಿರಬಹುದು. ಅದುವರೆಗೆ ಹಸಿಬೀಜಕ್ಕೆ ಕಿಲೋಗೆ ಅರುವತ್ತರ ಆಸುಪಾಸು ಸಿಕ್ಕಿದರೆ ಸಾಕು ಅಂತಿದ್ದವರು ನಾವು. ಏಪ್ರಿಲ್ ಮೇ ಹೊತ್ತಿಗೆ 300 ದಾಟಿತು. ಒಣಬೀಜ 900 ದಾಟಿತ್ತು. ಹಲಗೆಯ ಮುಂದೆ ಜನ ಸುಮ್ನೆ ನಿಂತು ನೋಡುತ್ತಿದ್ದರು. ದರ 300 ಇದ್ದ ಒಂದು ದಿನ ಅಕ್ಕ ತಂದದ್ದು ಆರು ಕಿಲೋ. ಕೈಗೆ ಸಾವಿರದ ಎಂಟುನೂರು ಬಂತು. ಎರಡು ಸಲ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ರಿಕ್ಷಾದಲ್ಲಿ ಒಂದೇ ಮಾತು ಹೇಳಿದರು: "ಇದು ನಾಲ್ಕು ವರ್ಷದ ಹಿಂದೆ ಗೊತ್ತಿದ್ದರೆ ಗಿಡಕ್ಕೆ ಗೊಬ್ಬರ ಹಾಕ್ತಿದ್ದೆ."

ಆ ಮಾತು ನನ್ನ ತಲೆಯಲ್ಲಿ ಕೂತಿದೆ. ಅರುವತ್ತು ರೂಪಾಯಿಯ ಕಾಲದಲ್ಲಿ ಅವರು ಕೊಕ್ಕೊಗೆ ಗೊಬ್ಬರ ಹಾಕಲಿಲ್ಲ, ಗೆಲ್ಲು ಸವರಲಿಲ್ಲ, ಮಳೆಗಾಲದಲ್ಲಿ ಮೈಲುತುತ್ತು ಸುಣ್ಣ ಹೊಡೆಸಲಿಲ್ಲ. ತಪ್ಪಲ್ಲ ಅದು. ಒಂದು ದಿನದ ಕೂಲಿಗೆ ಹೋದರೆ ಅದಕ್ಕಿಂತ ಹೆಚ್ಚು ಬರುತ್ತದೆ ಅಂತ ಲೆಕ್ಕ ಹಾಕಿದ್ದರು, ಲೆಕ್ಕ ಸರಿಯಾಗಿಯೇ ಇತ್ತು. ಹಾಗಾಗಿ ಬೆಲೆ ಬಂದಾಗ ಅವರ ಗಿಡದಲ್ಲಿ ಕಾಯಿ ಕಡಿಮೆ, ಇದ್ದದ್ದರಲ್ಲೂ ಅರ್ಧ ಕಪ್ಪು ರೋಗ. ಅದೇ ದಾರಿಯ ಮೇಲ್ಗಡೆ ಹದಿನೈದು ಎಕರೆ ಇರುವ ಒಬ್ಬರಿದ್ದಾರೆ. ಅವರು ಬೆಲೆ ಇಲ್ಲದಾಗಲೂ ಗಿಡ ನೋಡಿಕೊಂಡಿದ್ದರು, ನಷ್ಟ ತಾಳಿಕೊಳ್ಳುವ ಶಕ್ತಿ ಇತ್ತು. ಆ ಒಂದು ವರ್ಷದಲ್ಲಿ ಅವರು ಒಣಗಿಸುವ ಮನೆ ಕಟ್ಟಿಸಿದರು, ಹೊಸ ಪಿಕಪ್ ತೆಗೆದುಕೊಂಡರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಕಷ್ಟಪಟ್ಟು ದುಡಿಯುವ ಮನುಷ್ಯ. ಆದರೆ ಒಂದೇ ಹಲಗೆ, ಒಂದೇ ದರ, ಒಂದೇ ಮಳೆ, ಆದರೂ ಬೆಲೆ ಏರಿದ್ದರಿಂದ ಆ ಎರಡು ಮನೆಗಳ ನಡುವಿನ ಅಂತರ ಇನ್ನೂ ದೊಡ್ಡದಾಯಿತು.

ಆಮೇಲೆ ಇಳಿಯಿತು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ 2024ರ ಡಿಸೆಂಬರಿನಲ್ಲಿ ಟನ್ನಿಗೆ 12,000 ಡಾಲರ್ ದಾಟಿದ್ದ ಕೊಕ್ಕೊ 2025 ಮುಗಿಯುವ ಹೊತ್ತಿಗೆ ಸುಮಾರು ಅರ್ಧಕ್ಕೆ ಬಂದಿತ್ತು. ನಮ್ಮ ಹಲಗೆಯೂ ಅದರ ಹಿಂದೆಯೇ ಇಳಿಯಿತು. ಅಷ್ಟರಲ್ಲಿ ಅಕ್ಕ 300 ರೂಪಾಯಿ ನಂಬಿ ಒಂದು ಸಣ್ಣ ಪಂಪು ಹಾಕಿಸಿದ್ದರು, ಅದಕ್ಕೆ ಕತ್ತಿನ ಸರ ಅಡವಿಟ್ಟಿದ್ದರು. ಸರ ಇನ್ನೂ ಬ್ಯಾಂಕಿನಲ್ಲೇ ಇದೆ.

ನಮ್ಮ ಮನೆಯಲ್ಲೂ ಇದರ ಹಳೆ ಕಥೆ ಇದೆ. ನಮ್ಮ ಮಾವ 1970ರ ದಶಕದಲ್ಲಿ ಕೊಕ್ಕೊ ಹಾಕಿದವರು. ಗಿಡ ಹಾಕಿ, ನಾವು ಕೊಳ್ಳುತ್ತೇವೆ ಅಂತ ಕೊಳ್ಳುವವರು ಮನೆ ಮನೆಗೆ ಬಂದು ಹೇಳಿದ್ದರಂತೆ. 1980ರ ಹೊತ್ತಿಗೆ ಲೋಕದಲ್ಲೆಲ್ಲ ಬೆಲೆ ಕುಸಿಯಿತು, ಕೊಳ್ಳುವವರು ಬರುವುದು ನಿಂತಿತು. ಕೊಯ್ದ ಬೀಜವನ್ನು ತೆಂಗಿನ ಬುಡಕ್ಕೆ ಸುರಿದೆವು ಅಂತ ಅತ್ತೆ ಹೇಳುತ್ತಾರೆ. ಮಾವ ಇನ್ನೂರು ಗಿಡ ಕಡಿಸಿದರು. ಫಲ ಕೊಡಲು ಶುರುವಾಗಿದ್ದ ಗಿಡಗಳು ಅವು. ಆಮೇಲೆ ಇಪ್ಪತ್ತು ವರ್ಷ ಈ ಮನೆಯಲ್ಲಿ ಯಾರೂ ಕೊಕ್ಕೊ ಮಾತೆತ್ತಲಿಲ್ಲ. ಕಾಲೇಜಿನಲ್ಲಿ ನಾನು ಓದಿದ "ಅನಿಶ್ಚಿತತೆಯಿಂದ ಹೂಡಿಕೆ ಕುಗ್ಗುತ್ತದೆ" ಅನ್ನುವ ವಾಕ್ಯ ನನಗೆ ಅರ್ಥವಾದದ್ದು ಆ ಇನ್ನೂರು ಬುಡದ ಕಥೆ ಕೇಳಿದ ಮೇಲೆ. ಬೆಲೆ ಬಿದ್ದ ವರ್ಷದ ನಷ್ಟ ಒಂದು ವರ್ಷದ್ದು. ಹೆದರಿ ನೆಡದೆ ಬಿಟ್ಟ ಇಪ್ಪತ್ತು ವರ್ಷದ ನಷ್ಟಕ್ಕೆ ಯಾರೂ ಚೀಟಿ ಬರೆಯುವುದಿಲ್ಲ.

ಆಗ ನಮ್ಮ ಕಡೆಯವರನ್ನು ಎತ್ತಿದ್ದು ಕ್ಯಾಂಪ್ಕೋ. ಅಡಿಕೆ ಬೆಲೆ ನೆಲಕಚ್ಚಿದ್ದಾಗ, 1973ರ ಜುಲೈಯಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಬೆಳೆಗಾರರೇ ಸೇರಿ ಕಟ್ಟಿದ ಸಹಕಾರಿ ಅದು, ಕರ್ನಾಟಕ ಕೇರಳ ಎರಡೂ ಕಡೆಯವರಿಗೆ ಸೇರಿದ್ದು. ಕೊಕ್ಕೊ ಬಿದ್ದಾಗ ಅವರೇ ಕೊಳ್ಳಲು ಇಳಿದರು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ಮಾಡಿದರು. ಕೊಳ್ಳುವವರು ಇದ್ದಾರೆ ಅನ್ನುವ ಧೈರ್ಯ ಬಂದ ಮೇಲೆ ತಾನೇ ತೋಟಗಳಲ್ಲಿ ಕೊಕ್ಕೊ ಮತ್ತೆ ಎದ್ದದ್ದು. ನಮ್ಮ ಸಣ್ಣ ಸಂಘವೂ ಅದೇ ದಾರಿಯದು.

ಈಗ ಸ್ವಲ್ಪ ದೂರ ಹೋಗಬೇಕು. ನಮ್ಮ ಹಲಗೆಯ ದರ ನಿಜವಾಗಿ ತೀರ್ಮಾನವಾಗುವುದು ಪಶ್ಚಿಮ ಆಫ್ರಿಕಾದ ಮಳೆಯಲ್ಲಿ. ಲೋಕದ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾ, ಈ ಎರಡೇ ದೇಶಗಳಲ್ಲಿ ಬೆಳೆಯುತ್ತದೆ. 2024ರಲ್ಲಿ ಬೆಲೆ ಏರಿದ್ದು ಅಲ್ಲಿ ಫಸಲು ಕೈಕೊಟ್ಟದ್ದರಿಂದ. ಹವಾಮಾನ ಕೆಟ್ಟದ್ದು ಹೌದು, ಗಿಡಗಳಿಗೆ ರೋಗ ಬಂದದ್ದೂ ಹೌದು. ಅದರ ಜೊತೆಗೆ ಅಲ್ಲಿನ ತೋಟಗಳು ಮುದಿಯಾಗಿದ್ದವು, ವರ್ಷಗಟ್ಟಲೆ ಸಿಕ್ಕಿದ ಕಡಿಮೆ ಬೆಲೆಯಲ್ಲಿ ಹೊಸ ಗಿಡ ಹಾಕಲು ಅಲ್ಲಿನ ಸಣ್ಣ ರೈತರ ಕೈಯಲ್ಲಿ ದುಡ್ಡಿರಲಿಲ್ಲ. ಅಕ್ಕ ಗೊಬ್ಬರ ಹಾಕದ ಕಥೆಯೇ ಅದು, ಲಕ್ಷಗಟ್ಟಲೆ ಮನೆಗಳಲ್ಲಿ.

ಬೆಲೆ ಏರಿದಾಗ ಅವರಿಗೆ ಏನು ಸಿಕ್ಕಿತು ಗೊತ್ತಾ? ಐವರಿ ಕೋಸ್ಟಿನಲ್ಲಿ ರೈತನಿಗೆ ಸಿಗುವ ದರವನ್ನು ಸರ್ಕಾರ ಮೊದಲೇ ನಿಗದಿ ಮಾಡುತ್ತದೆ, ಫಸಲನ್ನು ಮುಂಗಡವಾಗಿ ಮಾರಿಬಿಡುತ್ತದೆ. 2024ರ ಏಪ್ರಿಲಿನಲ್ಲಿ ಆ ದರವನ್ನು ಕಿಲೋ ಒಣಬೀಜಕ್ಕೆ 1,000 ಸಿಎಫ್‌ಎ ಫ್ರಾಂಕಿನಿಂದ 1,500ಕ್ಕೆ ಏರಿಸಿದರು. ನಮ್ಮ ದುಡ್ಡಿನಲ್ಲಿ ಸುಮಾರು 200 ರೂಪಾಯಿ. ಅದೇ ತಿಂಗಳು ಲೋಕದ ಬೆಲೆ ಟನ್ನಿಗೆ 10,000 ಡಾಲರ್ ಹತ್ತಿರ, ಅಂದರೆ ಕಿಲೋಗೆ 800ರ ಮೇಲೆ. ಲೋಕದ ಅತಿ ಹೆಚ್ಚು ಕೊಕ್ಕೊ ಬೆಳೆಯುವ ದೇಶದ ರೈತನಿಗೆ ಅದರ ಕಾಲುಭಾಗ ಬಂತು. ನಮ್ಮ ಅಕ್ಕನಿಗೆ ಹಸಿಬೀಜಕ್ಕೇ 300 ಬಂದಿತ್ತು.

ಆ ನಿಗದಿ ದರದ ಉದ್ದೇಶ ಒಳ್ಳೆಯದೇ ಇತ್ತು. ಬೆಲೆ ಏರಿದಾಗ ಸ್ವಲ್ಪ ತೆಗೆದಿಡುವುದು, ಬಿದ್ದಾಗ ಅದರಿಂದ ಕೊಡುವುದು. ಐವರಿ ಕೋಸ್ಟ್ 1960ರಲ್ಲಿ ಸ್ವತಂತ್ರವಾದ ಮೇಲೆ ಇಪ್ಪತ್ತು ವರ್ಷ ಅದರ ಆರ್ಥಿಕತೆ ವರ್ಷಕ್ಕೆ ಸುಮಾರು ಶೇ. 7ರಂತೆ ಬೆಳೆಯಿತು, ಎಲ್ಲರೂ ಪವಾಡ ಅಂತಲೇ ಕರೆದರು. ಕೊಕ್ಕೊದಿಂದ ಬಂದ ಹೆಚ್ಚುವರಿ ದುಡ್ಡು ಸರ್ಕಾರದ ನಿಧಿಗೆ ಹೋಗುತ್ತಿತ್ತು. ಆ ನಿಧಿಯ ಬೀಗದ ಕೈ ಬೆಳೆಗಾರರ ಹತ್ತಿರ ಇರಲಿಲ್ಲ. 1980ರ ದಶಕದಲ್ಲಿ ಬೆಲೆ ಬಿದ್ದಾಗ ನೋಡಿದರೆ ರೈತನಿಗಾಗಿ ಇಟ್ಟದ್ದು ರೈತನಿಗೆ ಸಾಕಾಗುವಷ್ಟು ಉಳಿದಿರಲಿಲ್ಲ. 1987ರಲ್ಲಿ ದೇಶ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. 1989ರಲ್ಲಿ ರೈತನ ದರವನ್ನು ಕಿಲೋಗೆ 400 ಫ್ರಾಂಕಿನಿಂದ 200ಕ್ಕೆ ಇಳಿಸಿದರು, ಒಂದೇ ವರ್ಷದಲ್ಲಿ ಅರ್ಧ. ಅದೇ ಹೊತ್ತಿಗೆ ಅಧ್ಯಕ್ಷ ಫೆಲಿಕ್ಸ್ ಹೂಫುವೆ ಬ್ವಾನಿ ಅವರ ಹುಟ್ಟೂರು ಯಾಮೂಸೂಕ್ರೊದಲ್ಲಿ ಲೋಕದ ಅತಿ ದೊಡ್ಡ ಚರ್ಚುಗಳಲ್ಲಿ ಒಂದು ಎದ್ದು ನಿಂತಿತ್ತು.

ಮುಂದಿನದ್ದು ಇನ್ನೂ ಬೇಸರದ ಕಥೆ. ಕೊಕ್ಕೊ ಬೆಳೆಸಲು ಪಕ್ಕದ ಬುರ್ಕಿನಾ ಫಾಸೊ, ಮಾಲಿ ದೇಶಗಳಿಂದ ಬಂದವರು ಅಲ್ಲಿ ಬಹಳ ಜನ. ಯಾರು ನೆಲ ಬೆಳೆಸುತ್ತಾರೋ ನೆಲ ಅವರದ್ದು ಅಂತ ಮೊದಲು ಕರೆದಿದ್ದರು. ದುಡ್ಡು ಕಡಿಮೆಯಾದಾಗ ಮಾತು ಬದಲಾಯಿತು. 1998ರ ಕಾನೂನಿನಲ್ಲಿ ನೆಲದ ಒಡೆತನ ಆ ದೇಶದ ಪ್ರಜೆಗಳಿಗೆ ಮಾತ್ರ ಅಂತಾಯಿತು. ಯಾರು ನಮ್ಮವರು, ಯಾರು ಹೊರಗಿನವರು ಅನ್ನುವ ಜಗಳ ಊರೂರಿಗೆ ಹಬ್ಬಿತು. 1999ರ ಡಿಸೆಂಬರಿನಲ್ಲಿ ಸೇನೆ ಅಧಿಕಾರ ಹಿಡಿಯಿತು, 2002ರಲ್ಲಿ ಅಂತರ್ಯುದ್ಧ, ಮತ್ತೆ 2010ರ ಚುನಾವಣೆಯ ನಂತರ ಸುಮಾರು 3,000 ಜನ ಸತ್ತರು. ಶಾಂತಿ ಬಂದ ಮೇಲೆ, 2012ರಿಂದ, ಅದೇ ದೇಶ ಕೆಲವು ವರ್ಷ ಶೇ. 8ರ ಹತ್ತಿರ ಬೆಳೆಯಿತು. ಅದೇ ನೆಲ, ಅದೇ ಜನ, ಅದೇ ಬೆಳೆ. ನಡುವಿನ ವರ್ಷಗಳು ಮಾತ್ರ ಹೋದವು.

ಘಾನಾದಲ್ಲೂ ಹೆಚ್ಚು ಕಡಿಮೆ ಹೀಗೇ. 1960ರ ದಶಕದ ನಡುವಿನಲ್ಲಿ ಐದೂವರೆ ಲಕ್ಷ ಟನ್ ಬೆಳೆಯುತ್ತಿದ್ದ ದೇಶ 1983-84ಕ್ಕೆ ಒಂದು ಲಕ್ಷ ಅರುವತ್ತು ಸಾವಿರ ಟನ್ನಿಗೆ ಇಳಿಯಿತು. ಬರ, ಬೆಂಕಿ ಇದ್ದದ್ದು ನಿಜ. ಆದರೆ ಅದಕ್ಕೂ ಮೊದಲೇ, ಸರ್ಕಾರಿ ಮಂಡಳಿ ಕೊಡುವ ದರ ಸಾಲದೆ ರೈತರು ನೆಡುವುದನ್ನು ಬಿಟ್ಟಿದ್ದರು, ಇದ್ದದ್ದನ್ನು ರಾತ್ರಿ ಗಡಿ ದಾಟಿಸಿ ಮಾರುತ್ತಿದ್ದರು.

1995ರಲ್ಲಿ ಗ್ಯಾರಿ ರೇಮಿ, ವ್ಯಾಲೆರಿ ರೇಮಿ ಎಂಬ ಅರ್ಥಶಾಸ್ತ್ರಜ್ಞರು 92 ದೇಶಗಳ ಲೆಕ್ಕ ತೆಗೆದು ನೋಡಿದ್ದರು. ಎಲ್ಲಿ ಆರ್ಥಿಕತೆಯ ಏರಿಳಿತ ಜಾಸ್ತಿಯೋ ಅಲ್ಲಿ ಸರಾಸರಿ ಬೆಳವಣಿಗೆ ಕಡಿಮೆ. ಮರುವರ್ಷ ಆಲ್ಬರ್ಟೊ ಅಲೆಸಿನಾ, ರಾಬರ್ಟೊ ಪೆರೊಟ್ಟಿ 71 ದೇಶಗಳನ್ನು ನೋಡಿ ಹೇಳಿದ್ದು, ಆದಾಯದ ಅಂತರ ದೊಡ್ಡದಾದಲ್ಲಿ ಗಲಾಟೆ ಜಾಸ್ತಿ, ಗಲಾಟೆ ಇದ್ದಲ್ಲಿ ದುಡ್ಡು ಹಾಕಲು ಜನ ಹಿಂಜರಿಯುತ್ತಾರೆ ಅಂತ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ. ಈಗ ಹೊಳೆಯುವುದು ಏನೆಂದರೆ, ಏರಿಳಿತ ಎಲ್ಲರ ಮೇಲೂ ಬರುತ್ತದೆ, ಆದರೆ ಕಾಯುವ ಶಕ್ತಿ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಕಾಯಬಲ್ಲವನು ನೆಡುತ್ತಾನೆ. ಕಾಯಲಾರದವನು ಕಡಿಯುತ್ತಾನೆ. ಒಂದು ಊರಿನಲ್ಲಿ, ಒಂದು ದೇಶದಲ್ಲಿ ಕಾಯಲಾರದವರೇ ಜಾಸ್ತಿ ಇದ್ದರೆ ಅಲ್ಲಿ ನೆಡುವ ಕೈಗಿಂತ ಕಡಿಯುವ ಕೈಯೇ ಜಾಸ್ತಿ, ಅಲ್ವಾ? ಖರೀದಿ ಕೇಂದ್ರವನ್ನು ನಾನು ನೋಡುವುದು ಹಾಗೆಯೇ. ಅದು ಅಕ್ಕನಿಗೆ ಎಷ್ಟು ಕಾಯುವ ಶಕ್ತಿ ಕೊಡುತ್ತದೆ ಅಂತ.

ಅದಕ್ಕೇ ನಾಲ್ಕು ಅಂಕ. ದರ ಒರೆಸದ ಹಲಗೆ, ಸರಿಯಾದ ತೂಕ, ಮಳೆಯಲ್ಲೂ ತಪ್ಪದ ಎರಡು ದಿನ. ಮೂರು ವರ್ಷದಲ್ಲಿ ಒಂದು ದಿನವೂ "ಇವತ್ತು ತೆಗೆದುಕೊಳ್ಳುವುದಿಲ್ಲ" ಅಂದಿಲ್ಲ. ಎರಡು ಸಾವಿರಕ್ಕಿಂತ ಕಡಿಮೆ ಇದ್ದರೆ ಕೈಗೇ ದುಡ್ಡು ಕೊಡುತ್ತಾರೆ, ಜಾಸ್ತಿ ಇದ್ದರೆ ಮರುದಿನ ಬ್ಯಾಂಕಿಗೆ. ಕೂಲಿಗೆ ರಜೆ ಮಾಡಿ ಬಂದವರಿಗೆ ಅವತ್ತೇ ಕೈಗೆ ದುಡ್ಡು ಬರುವುದು ಎಷ್ಟು ಮುಖ್ಯ ಅಂತ ಇದನ್ನು ಯೋಚಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಕೆಲಸ ಮಾಡುವ ಮೂವರೂ ಕನ್ನಡ, ತುಳು, ಮಲಯಾಳ ಮೂರರಲ್ಲೂ ಮಾತಾಡುತ್ತಾರೆ. ಚೀಟಿ ಮಾತ್ರ ಮಲಯಾಳದಲ್ಲಿದೆ, ಕನ್ನಡದಲ್ಲೂ ಇದ್ದರೆ ನಮ್ಮ ಅತ್ತೆಯಂಥವರಿಗೆ ಒಳ್ಳೆಯದಿತ್ತು.

ಇನ್ನು ಆ ಒಂದು ಅಂಕ.

ಕಳೆದ ಜೂನ್‌ನಲ್ಲಿ ಒಂದು ಶುಕ್ರವಾರ. ಜೋರು ಮಳೆ. ನಾವಿಬ್ಬರೂ ಹತ್ತು ಗಂಟೆಗೆ ಹೋಗಿದ್ದೆವು, ನಮ್ಮ ಮುಂದೆ ಏಳು ಜನ. ಹತ್ತೂಕಾಲಿಗೆ ಒಂದು ಪಿಕಪ್ ಬಂತು, ನಾಲ್ಕು ಕ್ವಿಂಟಾಲ್ ಇರಬೇಕು. ಸೀದಾ ತೂಕದ ಹತ್ತಿರ ಹಿಮ್ಮುಖ ತಂದು ನಿಲ್ಲಿಸಿ ಇಳಿಸತೊಡಗಿದರು. ಸಾಲಿನಲ್ಲಿದ್ದವರೆಲ್ಲ ಗೋಡೆಗೆ ಒತ್ತಿ ನಿಂತೆವು. ಸೂರಿನ ನೀರು ಅಕ್ಕನ ಬಕೆಟಿಗೆ ತೊಟ್ಟಿಕ್ಕುತ್ತಿತ್ತು, ಅವರು ಅದರ ಮೇಲೆ ಒಂದು ಕೆಸುವಿನ ಎಲೆ ಮುಚ್ಚಿ ಎಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಒಂದೂವರೆ ಗಂಟೆ. ಹನ್ನೆರಡರ ಬಸ್ಸು ಹೋಯಿತು, ಮಗು ಅಂಗನವಾಡಿಯಿಂದ ಬರುವ ಹೊತ್ತಾಯಿತು. "ದೊಡ್ಡ ಲೋಡಲ್ವಾ ಅಕ್ಕಾ, ಬೇಗ ಮುಗಿಸಿದರೆ ಎಲ್ಲರಿಗೂ ಒಳ್ಳೇದು" ಅಂತ ಅಲ್ಲಿನವರು ಸಮಾಧಾನ ಹೇಳಿದರು. ಅವರು ಕೆಟ್ಟವರಲ್ಲ. ಆದರೆ ಬೇಗ ಮುಗಿದದ್ದು ಒಬ್ಬರಿಗೆ ಮಾತ್ರ.

ನಾನು ಅವತ್ತೇ ಬರೆದು ಕೊಟ್ಟೆ. ಎರಡು ವಾರದಲ್ಲಿ ಟೋಕನ್ ಬಂತು. ಈಗ ಹತ್ತು ಕಿಲೋ ತಂದವರೂ ಹತ್ತು ಕ್ವಿಂಟಾಲ್ ತಂದವರೂ ಬಂದ ಕ್ರಮದಲ್ಲೇ. ಇದನ್ನು ಹೇಳಲೇಬೇಕು, ಹೇಳಿದ್ದನ್ನು ಕೇಳುವ ಸಂಘ ಇದು. ಆ ದಿನಕ್ಕಾಗಿ ನಾನು ಅಂಕ ಕಡಿಮೆ ಮಾಡಿಲ್ಲ.

ಕಡಿಮೆ ಮಾಡಿದ್ದು ಸದಸ್ಯತ್ವಕ್ಕೆ. ಸಂಘಕ್ಕೆ ಬೀಜ ಯಾರು ಬೇಕಾದರೂ ಕೊಡಬಹುದು. ಆದರೆ ವರ್ಷದ ಕೊನೆಯ ಬೋನಸ್ ಸದಸ್ಯರಿಗೆ ಮಾತ್ರ, ಮಹಾಸಭೆಯಲ್ಲಿ ಕೈ ಎತ್ತುವುದು ಸದಸ್ಯರು ಮಾತ್ರ. ಸದಸ್ಯರಾಗಲು ಸ್ವಂತ ಹೆಸರಿನ ತೀರ್ವೆ (ಭೂಕಂದಾಯ) ರಶೀದಿ ಬೇಕು. ಅಕ್ಕನ ನಲುವತ್ತು ಸೆಂಟ್ಸ್ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿದೆ. ಪಾಲಾಗಿಲ್ಲ, ಪಾಲು ಮಾಡಿಸಲು ಗಂಡನ ಅಣ್ಣತಮ್ಮಂದಿರು ಐದು ಜನ ಒಟ್ಟಿಗೆ ಸೇರಬೇಕು, ಇಬ್ಬರು ಗಲ್ಫಿನಲ್ಲಿದ್ದಾರೆ. ಹಾಗಾಗಿ ಹದಿಮೂರು ವರ್ಷದಿಂದ ಬೀಜ ಕೊಡುತ್ತಿರುವ ಅವರು ಲೆಕ್ಕಕ್ಕೆ ಹೊರಗಿನವರು. ಎಂಟು ವರ್ಷದಿಂದ ಬೆಂಗಳೂರಿನಲ್ಲಿದ್ದು ಒಂದು ಬೀಜವನ್ನೂ ತಂದು ಕೊಡದ ನಮ್ಮ ಸಂಬಂಧಿಕರೊಬ್ಬರು ಸದಸ್ಯರು.

ಈ ಸಲದ ಮಹಾಸಭೆಯಲ್ಲಿ ನಾನು ಎದ್ದು ನಿಂತು ಎರಡು ಮಾತು ಕೇಳಿದೆ. ಒಂದು, ಪ್ರತಿ ಮನೆಯ ಮೊದಲ 50 ಕಿಲೋ ಹಸಿಬೀಜಕ್ಕೆ ಜೂನ್‌ನಲ್ಲೇ ಒಂದು ಕನಿಷ್ಠ ದರ ಹೇಳಿಬಿಡಿ. 2024ರಂಥ ವರ್ಷ ಬಂದಾಗ ಎಲ್ಲರಿಂದ ಕಿಲೋಗೆ ಕೆಲವು ರೂಪಾಯಿ ತೆಗೆದಿಟ್ಟರೆ ಬಿದ್ದ ವರ್ಷಕ್ಕೆ ಅದೇ ಸಾಕಾಗುತ್ತದೆ. ಐವತ್ತು ಕಿಲೋ ಅಂದರೆ ಅಕ್ಕನ ಫಸಲಿನ ಅರ್ಧ, ನಮ್ಮ ಫಸಲಿನ ಸಣ್ಣ ಪಾಲು, ಪಿಕಪ್‌ನವರಿಗೆ ಏನೇನೂ ಅಲ್ಲ. ಹಾಗಾಗಿ ಸಂಘ ಮುಳುಗುವುದಿಲ್ಲ. ಎರಡು, ಆ ನಿಧಿಯ ಲೆಕ್ಕ ಹಲಗೆಯಲ್ಲೇ ಬರೆಯಿರಿ, ಬೀಜ ಕೊಡುವವರೆಲ್ಲರನ್ನೂ ಸದಸ್ಯರನ್ನಾಗಿ ಮಾಡಿ, ತೀರ್ವೆ ರಶೀದಿಯ ಬದಲು ಮೂರು ವರ್ಷದ ಖರೀದಿ ಚೀಟಿ ಸಾಕು ಅನ್ನಿ. ಐವರಿ ಕೋಸ್ಟಿನ ನಿಧಿಯ ಕಥೆಯನ್ನೂ ಚಿಕ್ಕದಾಗಿ ಹೇಳಿದೆ. ಬೆಳೆದವರಿಗೆ ಕೇಳುವ ಹಕ್ಕಿಲ್ಲದ ನಿಧಿ ಬೆಳೆದವರಿಗೆ ಉಳಿಯುವುದಿಲ್ಲ ಅಂತ.

ಚಪ್ಪಾಳೆ ಬಂತು, ಕೆಲವರು ಗೊಣಗಿದರು. ಕನಿಷ್ಠ ದರದ ವಿಷಯ ಆಡಳಿತ ಮಂಡಳಿಗೆ ಹೋಗಿದೆ. ಸದಸ್ಯತ್ವದ್ದು ಉಪನಿಯಮ ತಿದ್ದಬೇಕಂತೆ, ಮುಂದಿನ ವರ್ಷ ನೋಡೋಣ ಅಂದರು. ಅಲ್ಲಿಯವರೆಗೆ ಗ್ರಾಮ ಕಚೇರಿಯಿಂದ ಅಕ್ಕನ ಹೆಸರಿನಲ್ಲಿ ಪೊಸೆಷನ್ ಸರ್ಟಿಫಿಕೇಟ್ (ಜಾಗ ಅವರ ಸ್ವಾಧೀನದಲ್ಲಿದೆ ಅನ್ನುವ ಪತ್ರ) ತಂದರೆ ಅದನ್ನು ಪರಿಗಣಿಸುತ್ತೇವೆ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ. ಆ ಅರ್ಜಿ ಕೊಟ್ಟಾಗಿದೆ. ಉಪನಿಯಮ ತಿದ್ದಿದ ದಿನ ಇಲ್ಲಿಯೇ ಬಂದು ಐದಕ್ಕೆ ಐದು ಅಂತ ಬದಲಾಯಿಸುತ್ತೇನೆ.

ಹೊಸದಾಗಿ ಹೋಗುವವರಿಗೆ ಕೆಲವು ಮಾತು. ಒಂಬತ್ತೂವರೆಯ ಒಳಗೆ ತಲುಪಿದರೆ ಟೋಕನ್ ಹತ್ತರ ಒಳಗೆ ಸಿಗುತ್ತದೆ. ಕಾಯಿಯನ್ನು ಕತ್ತಿಯಲ್ಲಿ ಕಡಿಯಬೇಡಿ, ಬೀಜಕ್ಕೆ ಗಾಯವಾದರೆ ಹೆಕ್ಕಿ ಹಾಕುತ್ತಾರೆ. ಕಲ್ಲಿಗೆ ಕುಟ್ಟಿ ಒಡೆಯಿರಿ ಅಥವಾ ಮರದ ತುಂಡಿನಲ್ಲಿ ಬಡಿಯಿರಿ. ಒಡೆದ ದಿನವೇ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ತಂದರೆ ಬಿಸಿಯಾಗಿ ಹಾಳಾಗುತ್ತದೆ, ಬಕೆಟ್ ಒಳ್ಳೆಯದು. ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಪ್ರತಿ ಮೊದಲ ಸಲ ಮಾತ್ರ ಬೇಕು. ಖರೀದಿ ಚೀಟಿಗಳನ್ನು ಬಿಸಾಡಬೇಡಿ, ಒಂದು ದಾರದಲ್ಲಿ ಪೋಣಿಸಿಡಿ. ಮುಂದೆ ಅದೇ ನಿಮ್ಮ ದಾಖಲೆ ಆಗಬಹುದು.

ಕಳೆದ ಮಂಗಳವಾರ ಅಕ್ಕನ ಟೋಕನ್ ಮೂರು. ಹತ್ತೂಕಾಲಿಗೆ ದುಡ್ಡು ಕೈಗೆ ಬಂದಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ, ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಒಳ್ಳೆಯ ಕೊಕ್ಕೊ ಸಸಿ ಸಿಗುತ್ತದಂತಲ್ಲ, ಹನ್ನೆರಡು ಸಸಿಗೆ ಎಷ್ಟಾಗಬಹುದು ಅಂತ ಕೇಳಿದರು. ಆ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. "ಅಷ್ಟು ವರ್ಷ ಇವರು ತಗೊಳ್ತಾರಲ್ಲಾ?" ಅಂತ ಹಲಗೆಯ ಕಡೆ ನೋಡಿ ಕೇಳಿದರು. ತಗೊಳ್ತಾರೆ ಅಂದೆ. ಹಾಗಾದರೆ ಗುಂಡಿ ತೆಗೆಸ್ತೇನೆ ಅಂದರು.